ಅಲುಗಾಡುತ್ತಿದ್ದ ಅಕ್ವೇರಿಯಂ ಸ್ಟ್ಯಾಂಡನ್ನು ಸರಿಪಡಿಸಿದ್ದು

3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಿದರೆ ನೀರೇ ಸುಮಾರು 127 ಕಿಲೋ ತೂಗುತ್ತದೆ. ಗಾಜು, ಜಲ್ಲಿ ಸೇರಿದರೆ 170ರ ಹತ್ತಿರ. ಈ ಲೆಕ್ಕ ಹಾಕದೆಯೇ ಕಟ್ಟಿದ ಮೊದಲ ಸ್ಟ್ಯಾಂಡಿನಲ್ಲಿ ಮೇಲಿನ ಚೌಕಟ್ಟನ್ನು ಕಾಲುಗಳ ಪಕ್ಕಕ್ಕೆ ಸ್ಕ್ರೂ ಹಾಕಿ ಬಿಗಿದಿದ್ದೆ. ಅರ್ಧ ನೀರು ತುಂಬುವಷ್ಟರಲ್ಲಿ ಬಲಗಡೆಯ ಸಂದು ನೂಲಿನಷ್ಟು ಬಾಯಿಬಿಟ್ಟಿತು. ಒಂದು ಬೆರಳಿನಿಂದ ತಳ್ಳಿದರೂ ಸ್ಟ್ಯಾಂಡು ವಾಲುತ್ತಿತ್ತು.

ನೀರನ್ನು ಬಕೆಟ್ಟುಗಳಿಗೆ ಇಳಿಸಿ ನೋಡಿದಾಗ ತಿಳಿದದ್ದು, ಅಷ್ಟೂ ಭಾರ ಮರದ ಮೇಲಲ್ಲ, ಎಂಟು ಸ್ಕ್ರೂಗಳ ಮೇಲೆ ನೇತಾಡುತ್ತಿತ್ತು ಎಂಬುದು. ಆದ್ದರಿಂದ ಕಾಲುಗಳನ್ನು ಒಂದೇ ಅಳತೆಗೆ ಕತ್ತರಿಸಿ, ಚೌಕಟ್ಟು ನೇರವಾಗಿ ಅವುಗಳ ತಲೆಯ ಮೇಲೆಯೇ ಕೂರುವಂತೆ ಮಾಡಿದೆ. ಈಗ ಸ್ಕ್ರೂ ಮತ್ತು ಮರದಂಟಿನ ಕೆಲಸ ಹಿಡಿದಿಡುವುದಷ್ಟೇ. ವಾಲುವಿಕೆಗೆ ಮಾತ್ರ ದಪ್ಪ ಕಾಲು ಪರಿಹಾರವಲ್ಲ. ಹಿಂಬದಿಗೆ 12 ಮಿ.ಮೀ. ಪ್ಲೈವುಡ್ ಹಲಗೆಯನ್ನು ಇಡಿಯಾಗಿ ಹೊಡೆದು, ಎರಡೂ ಪಕ್ಕಗಳಿಗೆ ಅದರದೇ ತುಂಡುಗಳನ್ನು ಕೂರಿಸಿದ ಮೇಲೆ ಚೌಕಟ್ಟು ಮಿಸುಕಲಿಲ್ಲ.

ರಸಮಟ್ಟ ಇಟ್ಟು ನೋಡಿದರೆ ನೆಲವೇ ಒಂದು ಕಡೆ 4 ಮಿ.ಮೀ. ತಗ್ಗಾಗಿತ್ತು. ಆ ಕಾಲುಗಳ ಕೆಳಗೆ ಚಕ್ಕೆ ಕೊಟ್ಟು, ತೊಟ್ಟಿಯ ಅಡಿಗೆ ಥರ್ಮಕೋಲ್ ಹಾಸಿ, ಮೀನಿಲ್ಲದೆ ಎರಡು ದಿನ ನೀರು ತುಂಬಿಟ್ಟು ಕಾದೆ. ಸಂದುಗಳು ಬಿಗಿಯಾಗಿಯೇ ಇದ್ದವು.