ಶಾಲೆಯ ಬೋಧಕೇತರ ಸಿಬ್ಬಂದಿ ಆಡಳಿತ ಮಂಡಳಿಯೊಂದಿಗೆ ವೇತನ ಒಪ್ಪಂದ ಮಾಡಿಕೊಳ್ಳುವ ಬಗೆ

ಚಿಕ್ಕಮಗಳೂರಿನ ಖಾಸಗಿ ಶಾಲೆಗಳ ಬಸ್ ಚಾಲಕರು, ಆಯಾಗಳು, ಅಟೆಂಡರ್‌ಗಳು, ಕಾವಲುಗಾರರು ಮತ್ತು ಗುಮಾಸ್ತರು ಸಂಬಳದ ಮಾತಿಗೆ ಕುಳಿತಾಗ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ತಿಂಗಳಿಗೆ ಎಷ್ಟು ಹೆಚ್ಚಿಸುತ್ತೀರಿ ಎಂಬುದು. ಇಂಥ ಮಾತುಕತೆಗಳಲ್ಲಿ ಸಿಬ್ಬಂದಿಯ ಪರವಾಗಿ ಮನವಿ ಬರೆದುಕೊಟ್ಟ ಅನುಭವದಿಂದ ಹೇಳುವುದಾದರೆ, ಅದಕ್ಕೂ ಮೊದಲು ವರ್ಷಕ್ಕೆ ಎಷ್ಟು ತಿಂಗಳ ಸಂಬಳ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಸ್ಸು ಓಡುವುದಿಲ್ಲವೆಂದು ಚಾಲಕರಿಗೆ ಮತ್ತು ಆಯಾಗಳಿಗೆ ಸಂಬಳ ಕೊಡದ ಪದ್ಧತಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ತಿಂಗಳಿಗೆ 15,000 ರೂಪಾಯಿಯಂತೆ ಹತ್ತು ತಿಂಗಳಿಗೆ 1,50,000 ರೂಪಾಯಿ ಆಗುತ್ತದೆ. ಶೇ. 10ರಷ್ಟು ಹೆಚ್ಚಳ ಸಿಕ್ಕಿದರೆ ಅದು 1,65,000ಕ್ಕೆ ಏರುತ್ತದೆ. ಒಂದು ರೂಪಾಯಿಯೂ ಹೆಚ್ಚಿಸದೆ ಹನ್ನೆರಡು ತಿಂಗಳು ಕೊಟ್ಟರೆ 1,80,000 ಆಗುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲ ಸಿಬ್ಬಂದಿಗೂ ಓದಿ ಹೇಳುವುದರಿಂದಲೇ ಸಿದ್ಧತೆ ಆರಂಭವಾಗಬೇಕು.

ರಜೆಯ ತಿಂಗಳುಗಳ ಪ್ರಶ್ನೆಗೆ ಇನ್ನೊಂದು ಮುಖವಿದೆ. ಪ್ರತಿ ಏಪ್ರಿಲ್‌ನಲ್ಲಿ ಕೆಲಸದಿಂದ ಬಿಡುಗಡೆ ಮಾಡಿ ಜೂನ್‌ನಲ್ಲಿ ಹೊಸದಾಗಿ ಸೇರಿಸಿಕೊಂಡಂತೆ ದಾಖಲೆ ಬರೆದರೆ, ಮುಂದೆ ಉಪದಾನ (ಗ್ರಾಚ್ಯುಟಿ) ಕೇಳುವಾಗ ಸೇವೆ ನಿರಂತರವಾಗಿರಲಿಲ್ಲ ಎಂಬ ತಕರಾರು ಎದುರಾಗುತ್ತದೆ. ಕಾಯಂ ನೌಕರರಿಗೆ ಐದು ವರ್ಷಗಳ ನಿರಂತರ ಸೇವೆಯ ಮೇಲೆ, ತಿಂಗಳ ಸಂಬಳವನ್ನು 26ರಿಂದ ಭಾಗಿಸಿ ಬರುವ ದಿನದ ಸಂಬಳದ ಲೆಕ್ಕದಲ್ಲಿ, ವರ್ಷಕ್ಕೆ 15 ದಿನಗಳ ಸಂಬಳದಂತೆ ಉಪದಾನ ದೊರೆಯುತ್ತದೆ. ಕೊನೆಯ ಸಂಬಳ 15,000 ಇದ್ದು ಹತ್ತು ವರ್ಷ ದುಡಿದ ಆಯಾಗೆ ಅದು ಸುಮಾರು 86,500 ರೂಪಾಯಿ. ಹೀಗಾಗಿ ಬೇಡಿಕೆ ಪಟ್ಟಿಯಲ್ಲಿ ‘ಬೇಸಿಗೆ ರಜೆಯ ಅವಧಿಯನ್ನು ಸೇವಾ ಅವಧಿಯೆಂದೇ ಪರಿಗಣಿಸತಕ್ಕದ್ದು’ ಎಂಬ ವಾಕ್ಯ ಪ್ರತ್ಯೇಕವಾಗಿ ಇರಲಿ.

ನಮ್ಮ ಜಿಲ್ಲೆಯಲ್ಲಿ ಮಳೆಯ ರಜೆಯನ್ನೂ ಮರೆಯುವಂತಿಲ್ಲ. ಜುಲೈ ತಿಂಗಳಲ್ಲಿ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಗಳಲ್ಲಿ ಮಳೆ ಜೋರಾದಾಗ ತಾಲ್ಲೂಕುವಾರು ರಜೆ ಘೋಷಣೆಯಾಗುತ್ತದೆ. ಆ ಪಾಠಗಳನ್ನು ಮುಂದೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಸರಿದೂಗಿಸಲಾಗುತ್ತದೆ. ಮಳೆಯ ದಿನ ಸಂಬಳ ಕಡಿದು, ಸರಿದೂಗಿಸುವ ದಿನದ ದುಡಿಮೆಗೆ ಏನೂ ಕೊಡದಿದ್ದರೆ ನೌಕರನು ಒಂದೇ ರಜೆಗೆ ಎರಡು ಬಾರಿ ನಷ್ಟ ಅನುಭವಿಸಿದಂತಾಗುತ್ತದೆ. ಇದಕ್ಕೆ ನಾನು ಸೂಚಿಸುವ ಷರತ್ತಿನ ಮಾತು ಹೀಗಿದೆ: ‘ಜಿಲ್ಲಾಡಳಿತವು ಮಳೆಯ ಕಾರಣದಿಂದ ಶಾಲೆಗಳಿಗೆ ರಜೆ ಘೋಷಿಸಿದ ದಿನಗಳನ್ನು ಹಾಜರಿ ಎಂದು ನಮೂದಿಸತಕ್ಕದ್ದು, ಅದಕ್ಕೆ ಬದಲಾಗಿ ವಾರದ ರಜೆಯಂದು ಕೆಲಸಕ್ಕೆ ಕರೆದಲ್ಲಿ ಬೇರೊಂದು ದಿನ ಪರಿಹಾರ ರಜೆ ನೀಡತಕ್ಕದ್ದು.’

ಚಾಲಕರ ಕೆಲಸದ ಹೊತ್ತನ್ನು ಲೆಕ್ಕ ಹಾಕುವುದು ಕಠಿಣ, ಆದರೆ ಬಿಡಬಾರದು. ಆಲ್ದೂರು ಅಥವಾ ಮಲ್ಲಂದೂರು ಕಡೆಯಿಂದ ಮಕ್ಕಳನ್ನು ಕರೆತರುವವರು ಬೆಳಗಿನ ಆರಕ್ಕೆ ಬಸ್ಸು ತೊಳೆದು ಹೊರಟು, ಸಂಜೆ ಆರಕ್ಕೆ ಮನೆ ಸೇರುತ್ತಾರೆ. ನಡುವಿನ ಹೊತ್ತು ಬಿಡುವೆಂದು ಆಡಳಿತ ಮಂಡಳಿ ಹೇಳಬಹುದು. ಆ ಹೊತ್ತಿನಲ್ಲಿ ಬ್ಯಾಂಕಿಗೆ ಕಳುಹಿಸುವುದು, ಅಕ್ಕಿ ಮೂಟೆ ಇಳಿಸಲು ಹೇಳುವುದು ನಡೆಯುತ್ತಿದ್ದರೆ ಅದು ದುಡಿಮೆಯೇ. ಮಾತುಕತೆಗೆ ಮೊದಲು ಎರಡು ತಿಂಗಳಾದರೂ ಪ್ರತಿಯೊಬ್ಬರೂ ಬಂದ, ಹೋದ ಹೊತ್ತನ್ನೂ ನಡುವೆ ಮಾಡಿದ ಕೆಲಸವನ್ನೂ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಸಮೇತ ಬರೆದಿಡಬೇಕು. ನಿಗದಿತ ಅವಧಿ ಮೀರಿದ ದುಡಿಮೆಗೆ ಇಮ್ಮಡಿ ದರ ಕೇಳುವಾಗ ಆ ಬರಹವೇ ಆಧಾರ.

ಸಂಬಳ ಮರುತಿಂಗಳ 7ರೊಳಗೆ ಕೈಸೇರಬೇಕು, ವೇತನ ಚೀಟಿ ಕೊಡಬೇಕು. 20 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಶಾಲೆಗೆ ಭವಿಷ್ಯ ನಿಧಿ ಅನ್ವಯಿಸುತ್ತದೆ. ನೌಕರರ ರಾಜ್ಯ ವಿಮೆಗೆ (ಇ.ಎಸ್.ಐ.) ಸಂಬಳದ ಮಿತಿ 21,000 ರೂಪಾಯಿ. ಹಿರಿಯ ಚಾಲಕರ ಸಂಬಳ ಈ ಗಡಿ ದಾಟುವಂತಿದ್ದರೆ, ತಪ್ಪಿಹೋಗುವ ಚಿಕಿತ್ಸಾ ಸೌಲಭ್ಯದ ಬದಲಿಗೆ ಕುಟುಂಬಕ್ಕೆ ಆರೋಗ್ಯ ವಿಮೆಯನ್ನು ಅದೇ ಮಾತುಕತೆಯಲ್ಲಿ ಕೇಳಿಕೊಳ್ಳಬೇಕು.

ಹೊತ್ತಿನ ಆಯ್ಕೆಯ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಬೇಡಿಕೆ ಪಟ್ಟಿಯನ್ನು ನವೆಂಬರ್‌ನಲ್ಲಿ ಕೊಟ್ಟು ಡಿಸೆಂಬರ್, ಜನವರಿಯಲ್ಲಿ ಮಾತುಕತೆ ನಡೆಸುವುದು ಒಳ್ಳೆಯದು. ಮುಂದಿನ ವರ್ಷದ ಶುಲ್ಕ ನಿಗದಿಯಾದ ಮೇಲೆ ಹೋದರೆ, ಬಜೆಟ್ ಮುಗಿದಿದೆ ಎಂಬ ಉತ್ತರ ಬರುತ್ತದೆ. ಕಾಫಿ ಕೊಯ್ಲಿನ ಆ ತಿಂಗಳುಗಳಲ್ಲಿ ತೋಟಗಳು ಆಳುಗಳನ್ನೂ ಜೀಪು, ಪಿಕಪ್ ಓಡಿಸುವವರನ್ನೂ ಹುಡುಕುತ್ತಿರುವುದರಿಂದ, ಶಾಲೆಗೆ ಬದಲಿ ಚಾಲಕ ಸುಲಭವಾಗಿ ಸಿಗುವುದಿಲ್ಲವೆಂಬುದು ಮೇಜಿನ ಎರಡೂ ಬದಿಯವರಿಗೆ ಗೊತ್ತಿರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ಬಸ್ಸು ನಿಲ್ಲಿಸುವ ಮಾತನ್ನು ಮಾತ್ರ ಯಾರೂ ಎತ್ತಬಾರದು. ಮಕ್ಕಳಿಗೆ ಅದರಿಂದ ಆಗುವ ತೊಂದರೆಯನ್ನು ಮತ್ತೆ ಸರಿಪಡಿಸಲಾಗದು. ಪೋಷಕರ ಬೆಂಬಲವೂ ಒಂದೇ ದಿನದಲ್ಲಿ ಕೈತಪ್ಪುತ್ತದೆ.

ಕೇಳಿದರೆ ಕೆಲಸ ಹೋಗುತ್ತದೆ ಎಂಬ ಭಯ ಆಯಾಗಳಲ್ಲಿ ಹೆಚ್ಚು, ಮತ್ತು ಅದು ಕಾರಣವಿಲ್ಲದ ಭಯವಲ್ಲ. ಆದ್ದರಿಂದ ಒಬ್ಬೊಬ್ಬರೇ ಕಾರ್ಯದರ್ಶಿಯ ಕೊಠಡಿಗೆ ಹೋಗದೆ, ಪ್ರತಿ ವಿಭಾಗದಿಂದ ಒಬ್ಬರಂತೆ ಪ್ರತಿನಿಧಿಗಳನ್ನು ಆರಿಸಿ, ಎಲ್ಲರ ಸಹಿಯಿರುವ ಪತ್ರದೊಂದಿಗೆ ಕಳುಹಿಸಬೇಕು; ಪ್ರತಿನಿಧಿಗಳಲ್ಲಿ ಒಬ್ಬ ಮಹಿಳೆಯಾದರೂ ಇರಲಿ. ಸಂಘ ನೋಂದಾಯಿಸಲು ಕನಿಷ್ಠ 7 ಮಂದಿ ಬೇಕು. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಗಳಲ್ಲಿ ವಿಚಾರಣೆಯಿಲ್ಲದೆ ನೌಕರರನ್ನು ವಜಾ ಮಾಡುವುದನ್ನು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ತಡೆಯುತ್ತದೆ. ವಜಾ ಆದೇಶ ತಲುಪಿದ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಇದು ಬೋಧಕೇತರ ನೌಕರರಿಗೂ ಇರುವ ರಕ್ಷಣೆ ಎಂಬುದನ್ನು ಮೊದಲ ಸಭೆಯಲ್ಲೇ ಎಲ್ಲರಿಗೂ ತಿಳಿಸಬೇಕು.

ಮಾತುಕತೆಯ ದಿನ ಎರಡೂ ಕಡೆಯವರು ಹೇಳಿದ್ದನ್ನು ಒಬ್ಬರು ಬರೆದುಕೊಳ್ಳಲಿ, ಏಳುವ ಮುನ್ನ ಆ ನಡಾವಳಿಗೆ ಸಹಿ ಕೇಳಲಿ. ನಾನು ಕಂಡ ಒಂದು ಶಾಲೆಯಲ್ಲಿ ಕಾರ್ಯದರ್ಶಿಯವರು ಮೇ ತಿಂಗಳ ಸಂಬಳಕ್ಕೆ ಮನಸಾರೆ ಒಪ್ಪಿದ್ದರು. ಸಿಬ್ಬಂದಿ ಅವರ ಮಾತಿನ ಮೇಲಿನ ಗೌರವದಿಂದ ಬರವಣಿಗೆಯಲ್ಲಿ ಕೇಳಲಿಲ್ಲ. ಮಾರ್ಚ್‌ನಲ್ಲಿ ಆಡಳಿತ ಮಂಡಳಿ ಬದಲಾಯಿತು, ಹೊಸಬರು ಅಂಥ ಠರಾವೇ ಇಲ್ಲವೆಂದರು, ಹದಿನಾಲ್ಕು ಮನೆಗಳಲ್ಲಿ ಆ ಬೇಸಿಗೆ ಸಾಲದಲ್ಲೇ ಕಳೆಯಿತು. ಆ ಸಲ ಮನವಿ ಬರೆದವನು ನಾನೇ ಆಗಿದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಉತ್ತರವೇ ಬಾರದಿದ್ದರೆ, ಸ್ವೀಕೃತಿ ಮುದ್ರೆ ಇರುವ ಮನವಿಯ ಪ್ರತಿಯೊಂದಿಗೆ ಜಿಲ್ಲಾ ಕಾರ್ಮಿಕ ಅಧಿಕಾರಿಯವರನ್ನು ಕಂಡು ರಾಜಿ ಸಂಧಾನಕ್ಕೆ ಕೋರಬಹುದು. ಒಪ್ಪಂದವಾದರೆ ಅದರಲ್ಲಿ ಜಾರಿಯ ದಿನಾಂಕ, ಅವಧಿ, ಪ್ರತಿ ವರ್ಷದ ಹೆಚ್ಚಳದ ಪ್ರಮಾಣ, ಮತ್ತು ಮಂಡಳಿ ಬದಲಾದರೂ ಷರತ್ತುಗಳು ಮುಂದುವರಿಯುತ್ತವೆ ಎಂಬ ಮಾತು ಇರಬೇಕು. ಸಹಿ ಹಾಕಿದ ಪ್ರತಿಯನ್ನು ಪ್ರತಿಯೊಬ್ಬ ನೌಕರರಿಗೂ ಕೊಟ್ಟು, ಮೇ ತಿಂಗಳ ಸಂಬಳ ಬರಬೇಕಾದ ಜೂನ್ 7ರಂದು ಎಲ್ಲರ ಪಾಸ್‌ಬುಕ್‌ಗಳನ್ನು ಒಟ್ಟಿಗೆ ಕೂತು ಅದರೊಂದಿಗೆ ತಾಳೆ ನೋಡಬೇಕು.