ಕಪಾಲ ನರಗಳ ಪರೀಕ್ಷೆ: ವಾರ್ಡಿನಲ್ಲಿ ನಾನು ಅನುಸರಿಸುವ ಕ್ರಮ

ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ನರಗಳೇ ಕಪಾಲ ನರಗಳು. ಒಂದರಿಂದ ಹನ್ನೆರಡರವರೆಗೆ ಅಂಕಿಯ ಪ್ರಕಾರ ಹೋಗುವುದು ವೈವಾಗೆ (ಬಾಯಿಮಾತಿನ ಪರೀಕ್ಷೆಗೆ) ಸರಿ. ವಾರ್ಡಿನಲ್ಲಿ ನಾನು ಹಾಗೆ ಹೋಗುವುದಿಲ್ಲ. ರೋಗಿ ಕುಳಿತು ಹೆಸರು, ಊರು, ತೊಂದರೆ ಹೇಳುವಷ್ಟರಲ್ಲಿ ಅರ್ಧ ಪರೀಕ್ಷೆ ಮುಗಿದಿರುತ್ತದೆ. ರೆಪ್ಪೆ ಜೋತಿದೆಯೇ, ತಲೆ ಒಂದು ಕಡೆ ವಾಲಿದೆಯೇ, ಬಾಯಿ ಸೊಟ್ಟಗಿದೆಯೇ, ಮಾತು ಮೂಗಿನಲ್ಲಿ ಬರುತ್ತಿದೆಯೇ, ದನಿ ಒಡೆದಿದೆಯೇ, ಎಂಜಲು ನುಂಗಲಾಗದೆ ಕೈಯಲ್ಲಿ ಟವೆಲ್ ಹಿಡಿದಿದ್ದಾರೆಯೇ ಎಂದು ನೋಡಿಕೊಳ್ಳುತ್ತೇನೆ. ಟಾರ್ಚು ತೆಗೆಯುವುದು ಆಮೇಲೆ.

ಟ್ರೇಯಲ್ಲಿ ಇರಬೇಕಾದ್ದು ಕಡಿಮೆ: ಬೆಳಕು ಚೆನ್ನಾಗಿರುವ ಪೆನ್ ಟಾರ್ಚು, ಕೆಂಪು ತಲೆಯ ಗುಂಡುಪಿನ್ನು, ಹತ್ತಿ, ಟಂಗ್ ಡಿಪ್ರೆಸರ್ (ನಾಲಿಗೆ ಒತ್ತುವ ಪಟ್ಟಿ), ಆಫ್ತಾಲ್ಮೋಸ್ಕೋಪ್ (ಕಣ್ಣಿನ ಒಳಭಾಗ ನೋಡುವ ಉಪಕರಣ), 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್, ಒಂದು ಪುಟ್ಟ ಡಬ್ಬಿ ಕಾಫಿಪುಡಿ, ಒಂದು ಲೋಟ ನೀರು. 128 ಹರ್ಟ್ಸ್ ಫೋರ್ಕ್ ಕಾಲಿನ ಕಂಪನ ನೋಡುವುದಕ್ಕೆ ಇಟ್ಟಿರುವುದು. ಅದನ್ನೇ ಕಿವಿಯ ಹಿಂದೆ ಇಟ್ಟರೆ ರೋಗಿ ನಡುಕವನ್ನೇ ಸದ್ದೆಂದುಕೊಂಡು ‘ಕೇಳ್ತಿದೆ’ ಅಂದುಬಿಡುತ್ತಾರೆ.

ವಾಸನೆಯ ಪರೀಕ್ಷೆ ತಲೆಗೆ ಪೆಟ್ಟಾದವರಿಗೆ ಮತ್ತು ತಾವಾಗಿಯೇ ದೂರು ಹೇಳುವವರಿಗೆ ಸಾಕು. ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಗೆ ಕಾಫಿಪುಡಿ ಹಿಡಿಯುತ್ತೇನೆ. ಸ್ಪಿರಿಟ್, ಅಮೋನಿಯಾ, ಅಮೃತಾಂಜನ ಬೇಡ. ಅವು ಮೂಗಿನ ಒಳಪದರವನ್ನು ಚುರುಗುಟ್ಟಿಸಿ ಐದನೇ ನರದ (ಮುಖದ ಸ್ಪರ್ಶ ತಿಳಿಸುವ ನರದ) ಮೂಲಕ ಗೊತ್ತಾಗುತ್ತವೆ, ಮೊದಲನೇ ನರ ಸತ್ತಿದ್ದರೂ ರೋಗಿ ಮುಖ ಹಿಂಡುತ್ತಾರೆ.

ಕಣ್ಣಿಗೆ ಮಾತ್ರ ಸಮಯ ಕೊಡಲೇಬೇಕು. ದೃಷ್ಟಿಯನ್ನು 6 ಮೀಟರ್ ದೂರದಿಂದ, ಒಂದೊಂದೇ ಕಣ್ಣಿಗೆ, ಅವರದೇ ಕನ್ನಡಕ ಹಾಕಿಸಿ ನೋಡುತ್ತೇನೆ. ಕಡಿಮೆ ಇದ್ದರೆ ಪಿನ್‌ಹೋಲ್‌ನಲ್ಲಿ (ಸಣ್ಣ ತೂತಿನ ತಟ್ಟೆಯ ಮೂಲಕ) ಮತ್ತೊಮ್ಮೆ. ಅದರಲ್ಲಿ ಸುಧಾರಿಸಿದರೆ ಬೇಕಿರುವುದು ಕನ್ನಡಕ, ನರದ ಡಾಕ್ಟರಲ್ಲ. ಆಮೇಲೆ ಕೆಂಪು ಪಿನ್ನು: ಎರಡು ಕಣ್ಣಿಗೂ ಒಂದೇ ಕೆಂಪಾ, ಒಂದರಲ್ಲಿ ಮಾಸಿದ ಹಾಗಿದೆಯಾ? ಟಿಬಿಗೆ ಎಥಾಂಬುಟಾಲ್ ತೆಗೆದುಕೊಳ್ಳುವವರಲ್ಲಿ ಅಕ್ಷರ ಮಸುಕಾಗುವ ಮೊದಲೇ ಬಣ್ಣ ಕೈಕೊಡಬಹುದು. ಹಾಗಾಗಿ ಪ್ರತಿ ಭೇಟಿಯಲ್ಲೂ ಇದನ್ನು ಕೇಳುತ್ತೇನೆ. ಅನುಮಾನ ಬಂದರೆ ಆ ಮಾತ್ರೆ ಅಂದೇ ನಿಲ್ಲಬೇಕು.

ಪಾಪೆ ನೋಡುವಾಗ ಕೋಣೆ ಮಬ್ಬಾಗಿರಲಿ, ರೋಗಿ ಎದುರು ಗೋಡೆಯನ್ನು ನೋಡುತ್ತಿರಲಿ. ಟಾರ್ಚಿನತ್ತಲೇ ನೋಡಿದರೆ ಹತ್ತಿರದ ನೋಟಕ್ಕೇ ಪಾಪೆ ಕುಗ್ಗುತ್ತದೆ, ಫಲಿತಾಂಶ ಕೆಡುತ್ತದೆ. ಒಂದು ಕಣ್ಣಿಗೆ ಎರಡು ಮೂರು ಸೆಕೆಂಡು ಬೆಳಕು, ತಟ್ಟನೆ ಇನ್ನೊಂದಕ್ಕೆ, ಮತ್ತೆ ಹಿಂದಕ್ಕೆ. ಬೆಳಕು ಬಿದ್ದಾಗ ಕುಗ್ಗುವ ಬದಲು ಹಿಗ್ಗುವ ಪಾಪೆಯ ಹಿಂದೆ ಹೆಚ್ಚಾಗಿ ಎರಡನೇ ನರದ (ದೃಷ್ಟಿಯ ನರದ) ತೊಂದರೆ ಇದೆ. ಪೊರೆ ಎಷ್ಟೇ ದಟ್ಟವಾಗಿದ್ದರೂ ಹೀಗೆ ಆಗುವುದಿಲ್ಲ.

ಒಂದು ಪಾಪೆ ದೊಡ್ಡದು, ಒಂದು ಚಿಕ್ಕದು ಅಂತಾದರೆ ತಪ್ಪಿರುವುದು ಯಾವುದು? ದೀಪ ಆರಿಸಿ ನೋಡಿ, ಹಾಕಿ ನೋಡಿ. ಕತ್ತಲಲ್ಲಿ ವ್ಯತ್ಯಾಸ ಹೆಚ್ಚಾದರೆ ಚಿಕ್ಕದು ಹಿಗ್ಗುತ್ತಿಲ್ಲ, ಹಾರ್ನರ್ (ಪಾಪೆ ಹಿಗ್ಗಿಸುವ ನರಜಾಲದ ಸೋಲು) ಯೋಚಿಸಬೇಕು. ಬೆಳಕಲ್ಲಿ ಹೆಚ್ಚಾದರೆ ದೊಡ್ಡದು ಕುಗ್ಗುತ್ತಿಲ್ಲ, ಮೂರನೇ ನರ (ರೆಪ್ಪೆ ಎತ್ತುವ, ಗುಡ್ಡೆ ತಿರುಗಿಸುವ, ಪಾಪೆ ಕುಗ್ಗಿಸುವ ನರ) ಯೋಚಿಸಬೇಕು. ಇದಕ್ಕೂ ಮುಂಚೆ ಕೇಳಬೇಕಾದದ್ದು: ಪೊರೆ ಆಪರೇಷನ್ ಆಗಿದೆಯೇ, ಕಣ್ಣಿಗೆ ಹನಿ ಹಾಕಿದ್ದಾರೆಯೇ, ಉಮ್ಮತ್ತಿ ಗಿಡ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡರೇ.

ಮೂರನೇ ನರ ಪೂರ್ತಿ ಹೋದರೆ ರೆಪ್ಪೆ ಮುಚ್ಚಿರುತ್ತದೆ. ಎತ್ತಿ ನೋಡಿದರೆ ಗುಡ್ಡೆ ಹೊರಕ್ಕೂ ಕೆಳಕ್ಕೂ ತಿರುಗಿರುತ್ತದೆ. ಪಾಪೆಯ ಎಳೆಗಳು ಈ ನರದ ಮೇಲ್ಪದರದಲ್ಲಿ ಸಾಗುತ್ತವೆ. ಮಿದುಳಿನ ತಳದ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ರಕ್ತನಾಳ ಬಲೂನಿನಂತೆ ಉಬ್ಬಿ ಹೊರಗಿನಿಂದ ಒತ್ತಿದಾಗ ಮೊದಲು ಏಟು ಬೀಳುವುದು ಅವಕ್ಕೇ. ಡಯಾಬಿಟಿಸ್‌ನಲ್ಲಿ ರಕ್ತ ಸಾಲದೆ ಸೊರಗುವುದು ನರದ ಒಳತಿರುಳು, ಪಾಪೆ ಸಾಮಾನ್ಯವಾಗಿ ಉಳಿಯುತ್ತದೆ. ‘ಪಾಪೆ ಹಿಗ್ಗಿದರೆ ಒತ್ತಡದ್ದು, ಉಳಿದರೆ ಶುಗರ್‌ದು’ ಎಂಬ ಈ ಸೂತ್ರವನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಅದರ ಷರತ್ತನ್ನು ಮರೆಯುತ್ತಾರೆ: ರೆಪ್ಪೆ, ಗುಡ್ಡೆ ಎರಡೂ ಪೂರ್ತಿ ಸೋತಿದ್ದರೆ ಮಾತ್ರ ಸೂತ್ರ ನಂಬಬಹುದು. ಅರ್ಧಂಬರ್ಧ ಸೋತಿರುವಾಗ ಪಾಪೆ ಇವತ್ತು ಚೆನ್ನಾಗಿದೆ ಎಂದು ‘ಶುಗರ್‌ದು’ ಅಂತ ಮನೆಗೆ ಕಳಿಸುವುದು ಅಪಾಯ. ಪಾಪೆ ಹಿಗ್ಗಿದ್ದರೆ, ತಲೆನೋವೂ ಇದ್ದರೆ, ಆ ರಾತ್ರಿಯೇ ಸಿಟಿ ಆಂಜಿಯೋ (ಮಿದುಳಿನ ರಕ್ತನಾಳಗಳ ಸ್ಕ್ಯಾನ್).

ಎರಡೂ ರೆಪ್ಪೆ ಜೋತಿದ್ದರೆ ಲೆಕ್ಕವೇ ಬೇರೆ. ಮಲೆನಾಡಾಗಲಿ ಬಯಲುಸೀಮೆಯಾಗಲಿ, ಮಳೆಗಾಲದ ಬೆಳಗಿನ ಜಾವ ‘ರಾತ್ರಿ ನೆಲದ ಮೇಲೆ ಮಲಗಿದ್ರು, ಹೊಟ್ಟೆನೋವು ಅಂದ್ರು, ಈಗ ಕಣ್ಣು ಬಿಡ್ತಿಲ್ಲ’ ಎಂದು ಕರೆತಂದರೆ ಕಟ್ಟುಹಾವು ಎಂದೇ ಹಿಡಿದು ಶುರುಮಾಡುತ್ತೇನೆ. ಕಚ್ಚಿದ ಗುರುತು ಕಾಣದೇ ಇರಬಹುದು, ಊತವೂ ಇರುವುದಿಲ್ಲ. ಇಲ್ಲಿ ಕೆಟ್ಟಿರುವುದು ನರವಲ್ಲ, ನರ ಸ್ನಾಯುವನ್ನು ಸೇರುವ ಜಾಗ. ಆದರೂ ಅದನ್ನು ಮೊದಲು ಹಿಡಿದುಕೊಡುವುದು ಇದೇ ಪರೀಕ್ಷೆ. ರೆಪ್ಪೆ, ಗುಡ್ಡೆಯ ಚಲನೆ, ನುಂಗುವಿಕೆ, ದಿಂಬಿನಿಂದ ಕತ್ತು ಎತ್ತುವ ಶಕ್ತಿ, ಒಂದೇ ಉಸಿರಿಗೆ ಎಷ್ಟು ಎಣಿಸುತ್ತಾರೆ, ಇವನ್ನು ಅರ್ಧ ಗಂಟೆಗೊಮ್ಮೆ ಬರೆದಿಡಬೇಕು. ವಿಷ ಏರಿದ ಲಕ್ಷಣ ಕಂಡೊಡನೆ 10 ವಯಲ್ ಆ್ಯಂಟಿವೆನಮ್ (ಹಾವಿನ ವಿಷದ ಮದ್ದು). ಅಟ್ರೋಪಿನ್ 0.6 ಮಿ.ಗ್ರಾಂ ಕೊಟ್ಟು ನಿಯೋಸ್ಟಿಗ್ಮಿನ್ (ನರದ ಸಂದೇಶ ಸ್ನಾಯುವಿಗೆ ದಾಟಲು ನೆರವಾಗುವ ಮದ್ದು) 1.5 ಮಿ.ಗ್ರಾಂ ಕೊಡುವುದು ನಾಗರಹಾವಿಗೆ ಚೆನ್ನಾಗಿ ಫಲಿಸುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ಅಲ್ಲಿ ಅಷ್ಟು ಫಲವಿಲ್ಲ, ವೆಂಟಿಲೇಟರ್ ಸಿದ್ಧವಿರಲಿ. ಪೂರ್ತಿ ಸೋತವರಲ್ಲಿ ಪಾಪೆ ಹಿಗ್ಗಿ, ಬೆಳಕಿಗೂ ಕದಲದೆ, ಮಿದುಳು ಸತ್ತಂತೆಯೇ ಕಾಣಬಹುದು. ಸತ್ತಿಲ್ಲ. ಅಂಥವರು ಉಸಿರಾಟಕ್ಕೆ ಆಸರೆ ಸಿಕ್ಕರೆ ಎದ್ದು ನಡೆದು ಹೋಗುತ್ತಾರೆ.

ಎರಡೆರಡು ಕಾಣುತ್ತದೆ ಎಂದವರಿಗೆ ಮೊದಲು ಒಂದು ಕಣ್ಣು ಮುಚ್ಚಿಸುತ್ತೇನೆ. ಆಗಲೂ ಎರಡು ಕಂಡರೆ ದೋಷ ಕಣ್ಣಿನದು, ಕಪಾಲ ನರದ್ದಲ್ಲ. ಒಂದಾದರೆ ಮುಂದಿನ ಪ್ರಶ್ನೆ: ‘ಅಕ್ಕಪಕ್ಕ ಕಾಣುತ್ತಾ, ಮೇಲೆಕೆಳಗಾ?’ ಅಕ್ಕಪಕ್ಕ, ದೂರದ್ದು ನೋಡುವಾಗ ಹೆಚ್ಚು ಎಂದರೆ ಆರನೇ ನರ. ಮೇಲೆಕೆಳಗೆ, ಮೆಟ್ಟಿಲಿಳಿಯುವಾಗ ಹೆಚ್ಚು ಎಂದರೆ ನಾಲ್ಕನೇದು. ಇವರು ಸಾಮಾನ್ಯವಾಗಿ ಸೋತ ಕಣ್ಣಿನ ಎದುರು ಬದಿಗೆ ತಲೆ ವಾಲಿಸಿರುತ್ತಾರೆ. ಆರನೇ ನರ ಸೋತಿತೆಂದ ಮಾತ್ರಕ್ಕೆ ಗಡ್ಡೆ ಅಲ್ಲೇ ಇದೆ ಎನ್ನಲಾಗದು. ತಲೆಯೊಳಗೆ ಎಲ್ಲೇ ಒತ್ತಡ ಏರಿದರೂ ಅದು ಸೋಲಬಹುದು. ವಾರಗಟ್ಟಲೆ ಜ್ವರ, ತಲೆನೋವು, ಜೊತೆಗೆ ಆರನೇ ನರ ಎಂದರೆ ಟಿಬಿ ಮೆನಿಂಜೈಟಿಸ್ (ಮಿದುಳಿನ ಹೊದಿಕೆಗೆ ಟಿಬಿ) ಯೋಚಿಸದೆ ಇರಬಾರದು.

ಮುಖಕ್ಕೆ ಬಂದಾಗ ಐದು ಮತ್ತು ಏಳನ್ನು ಒಟ್ಟಿಗೆ ನೋಡುತ್ತೇನೆ. ಕಾರ್ನಿಯಲ್ ರಿಫ್ಲೆಕ್ಸ್‌ಗೆ (ಕರಿಗುಡ್ಡೆ ಮುಟ್ಟಿದಾಗ ರೆಪ್ಪೆ ಮುಚ್ಚುವುದಕ್ಕೆ) ಎರಡೂ ಬೇಕು: ಮುಟ್ಟಿದ್ದನ್ನು ತಿಳಿಸುವುದು ಐದನೇದು, ರೆಪ್ಪೆ ಮುಚ್ಚಿಸುವುದು ಏಳನೇದು. ಹತ್ತಿಯ ಎಳೆಯನ್ನು ಪಕ್ಕದಿಂದ ತರಬೇಕು, ಎದುರಿನಿಂದ ತಂದರೆ ಕಂಡೇ ಕಣ್ಣು ಮಿಟುಕಿಸುತ್ತಾರೆ. ಕರಿಗುಡ್ಡೆಯನ್ನೇ ಮುಟ್ಟಬೇಕು, ಬಿಳಿಯನ್ನಲ್ಲ. ಮುಖದ ಸ್ಪರ್ಶ ನೋಡುವಾಗ ದವಡೆಯ ಮೂಲೆಯ ಚರ್ಮ ಕುತ್ತಿಗೆಯ ನರಗಳದ್ದು ಎಂಬುದು ನೆನಪಿರಲಿ. ಮುಖವೆಲ್ಲ ಮರಗಟ್ಟಿದೆ ಎನ್ನುವವರು ಆ ಮೂಲೆಯನ್ನೂ ಸೇರಿಸಿ ಗೆರೆ ಎಳೆದಂತೆ ತೋರಿಸಿದರೆ ಅದು ನರದ ತೊಂದರೆಯೇ ಎಂದು ನನಗೆ ಅನುಮಾನ.

‘ಅಜ್ಜಿ, ಹುಬ್ಬು ಮೇಲೆತ್ತಿ. ಕಣ್ಣು ಬಿಗಿಯಾಗಿ ಮುಚ್ಚಿ, ನಾನು ಬಿಡಿಸ್ತೀನಿ, ಬಿಡಬೇಡಿ. ಈಗ ಹಲ್ಲು ತೋರ್ಸಿ.’ ಹಣೆ ಸುಕ್ಕಾಗಿ ಬಾಯಿ ಮಾತ್ರ ಸೊಟ್ಟಗಿದ್ದರೆ ಮಿದುಳಿನ ಪಾರ್ಶ್ವವಾಯು. ಕೈಕಾಲು ನೋಡಿ, ಶುರುವಾದ ಹೊತ್ತು ಕೇಳಿ, 4.5 ಗಂಟೆಯೊಳಗೆ ಥ್ರಾಂಬೊಲೈಸಿಸ್ (ರಕ್ತದ ಹೆಪ್ಪು ಕರಗಿಸುವ ಚಿಕಿತ್ಸೆ) ಇರುವ ಕಡೆಗೆ ಓಡಿಸಬೇಕು. ಹಣೆಯೂ ಸೋತಿದ್ದರೆ ನರದ್ದೇ ತೊಂದರೆ, ಹೆಚ್ಚಾಗಿ ಬೆಲ್ಸ್ ಪಾಲ್ಸಿ (ಬೇರೆ ಕಾರಣ ಕಾಣದೆ ಏಳನೇ ನರ ಹಠಾತ್ತನೆ ಸೋಲುವುದು). ಆದರೂ ಆ ಹೆಸರು ಬರೆಯುವ ಮೊದಲು ನಾಲ್ಕು ಕಡೆ ನೋಡುತ್ತೇನೆ: ಕಿವಿಯೊಳಗೆ ಗುಳ್ಳೆ, ಕಿವಿಯ ಮುಂದೆ ಪರೋಟಿಡ್ (ಎಂಜಲಿನ ಗ್ರಂಥಿ) ಗಂಟು, ಕೆನ್ನೆಯ ಮೇಲೆ ಸ್ಪರ್ಶವಿಲ್ಲದ ಮಚ್ಚೆ, ಕುತ್ತಿಗೆಯಲ್ಲಿ ಹುರಿಯಂತೆ ದಪ್ಪಗಾದ ನರ. ಕೊನೆಯ ಎರಡು ಕುಷ್ಠದ ಗುರುತು, ಅದರಲ್ಲಿ ಕಣ್ಣು ಮುಚ್ಚುವ ಕವಲು ಮಾತ್ರ ಸೋತಿರುವುದುಂಟು. ಅದೇ ಬದಿಯ ಕಣ್ಣು ಹೊರಕ್ಕೆ ತಿರುಗುತ್ತದೆಯೇ ಎಂದೂ ನೋಡಲೇಬೇಕು. ಪಾನ್ಸ್‌ನಲ್ಲಿ (ಮಿದುಳುಕಾಂಡದ ನಡುಭಾಗದಲ್ಲಿ) ಏಳನೇ ನರ ಆರನೇದರ ಕೇಂದ್ರವನ್ನು ಸುತ್ತುಹಾಕಿಯೇ ಹೊರಬರುತ್ತದೆ, ಅಲ್ಲಿ ಸ್ಟ್ರೋಕ್ ಆದರೂ ಹಣೆ ಸೋಲುತ್ತದೆ.

ಬೆಲ್ಸ್‌ಗೆ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) 72 ಗಂಟೆಯೊಳಗೆ ಶುರುವಾಗಬೇಕು: ದಿನಕ್ಕೆ 60 ಮಿ.ಗ್ರಾಂ ಐದು ದಿನ, ಆಮೇಲೆ ದಿನಕ್ಕೆ 10ರಂತೆ ಇಳಿಕೆ. ಶುಗರ್ ನೋಡದೆ ಬರೆಯಬೇಡಿ. ಮಾತ್ರೆಗಿಂತ ಹೆಚ್ಚು ಮರೆತುಹೋಗುವುದು ಕಣ್ಣು. ಹಗಲು ಒಂದೆರಡು ಗಂಟೆಗೊಮ್ಮೆ ಕಣ್ಣೀರಿನಂಥ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪು. ಮುಚ್ಚದ ಕಣ್ಣಿನ ಮೇಲೆ ಬರೇ ಹತ್ತಿ ಇಟ್ಟು ಕಟ್ಟಿದರೆ ಅದೇ ಉಜ್ಜಿ ಹುಣ್ಣಾಗುತ್ತದೆ. ಮೂರು ವಾರವಾದರೂ ಸೋಲು ಹೆಚ್ಚುತ್ತಲೇ ಇದ್ದರೆ ಅದು ಬೆಲ್ಸ್ ಅಲ್ಲ, ಸ್ಕ್ಯಾನ್ ಬೇಕು.

ಕಿವಿಗೆ, ಅಂದರೆ ಎಂಟನೇ ನರಕ್ಕೆ, ಫೋರ್ಕ್. ಹಣೆಯ ನಡುವೆ ಇಟ್ಟಾಗ ಸದ್ದು ಮಂದ ಕಿವಿಯ ಕಡೆಗೇ ಹೋದರೆ ಗುಗ್ಗೆ, ತಮಟೆಯ ತೂತು, ಕೀವಿನಂಥ ತಡೆ. ಚೆನ್ನಾಗಿರುವ ಕಡೆಗೆ ಹೋದರೆ ನರದ ಕಿವುಡು.

ಬಾಯಿ ತೆರೆಸುವಾಗ ನಮ್ಮ ಕಡೆ ಒಂದು ತೊಡಕಿದೆ. ಗುಟ್ಕಾ, ಅಡಿಕೆ ಅಗಿದು ಕೆನ್ನೆ ಗಡುಸಾದವರಲ್ಲಿ ಎರಡು ಬೆರಳೂ ಹೋಗುವುದಿಲ್ಲ, ನಾಲಿಗೆಯೂ ಹೊರಬರುವುದಿಲ್ಲ. ಅದನ್ನು ನರದ ಸೋಲೆಂದು ಬರೆಯಬಾರದು. ಬಾಯಿ ತೆರೆಯುವವರಿಗೆ ‘ಆ’ ಅನ್ನಿಸಿ. ಕಿರುನಾಲಿಗೆ ಗಟ್ಟಿ ಇರುವ ಕಡೆಗೆ ಎಳೆಯುತ್ತದೆ, ಚಾಚಿದ ನಾಲಿಗೆ ಸೋತ ಕಡೆಗೆ ತಿರುಗುತ್ತದೆ. ಮುಖ ಸೊಟ್ಟಗಿದ್ದವರಲ್ಲಿ ನಾಲಿಗೆಯೂ ಸೊಟ್ಟ ಕಂಡೀತು. ತುಟಿಯ ಮೂಲೆಯನ್ನು ಬೆರಳಿಂದ ಎತ್ತಿ ಸರಿಮಾಡಿ ಮತ್ತೆ ನೋಡಿ. ನಾಲಿಗೆಯ ಅದುರುವಿಕೆ ನೋಡಬೇಕಿದ್ದರೆ ಅದು ಬಾಯೊಳಗೇ ಮಲಗಿರಲಿ, ಚಾಚಿದ ನಾಲಿಗೆ ಎಲ್ಲರದೂ ಅದುರುತ್ತದೆ. ಗ್ಯಾಗ್ ರಿಫ್ಲೆಕ್ಸ್ (ಗಂಟಲು ಮುಟ್ಟಿದಾಗ ಬರುವ ಓಕರಿಕೆ) ನಾನು ಹೆಚ್ಚು ನೆಚ್ಚುವುದಿಲ್ಲ, ಆರೋಗ್ಯವಂತರಲ್ಲೂ ಎಷ್ಟೋ ಜನಕ್ಕೆ ಅದು ಇರುವುದಿಲ್ಲ. ಎಚ್ಚರವಾಗಿರುವವರನ್ನು ನೇರ ಕೂರಿಸಿ ಚಮಚೆಯಲ್ಲಿ ನೀರು ಕೊಟ್ಟು ಕೆಮ್ಮು ಬಂತೇ, ದನಿ ಒದ್ದೆಯಾಯಿತೇ ಎಂದು ಕೇಳಿಸಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹನ್ನೊಂದನೇದು ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಕುತ್ತಿಗೆಯ ಪಕ್ಕದ ಗಂಟನ್ನು ಬಯಾಪ್ಸಿಗೆ ತೆಗೆಯುವಾಗ ಚರ್ಮದಡಿಯಲ್ಲೇ ಇರುವ ಈ ನರ ಕತ್ತರಿಗೆ ಸಿಗುತ್ತದೆ. ಭುಜ ಜೋತು, ಕೈ ಮೇಲೆತ್ತಲಾಗದೆ ಬರುತ್ತಾರೆ. ಬಯಾಪ್ಸಿಗೆ ಮುಂಚೆ ಮತ್ತು ಆಮೇಲೆ ಭುಜ ಕುಣಿಸಲು ಹೇಳಿ ಬರೆದಿಟ್ಟರೆ ಒಂದು ನಿಮಿಷದ ಕೆಲಸ.

ಕೇಸ್‌ಶೀಟಿನಲ್ಲಿ ‘ಕ್ರೇನಿಯಲ್ ನರ್ವ್ಸ್ ನಾರ್ಮಲ್’ ಎಂದು ಬರೆದರೆ ರಾತ್ರಿ ಡ್ಯೂಟಿಯವರಿಗೆ ಏನೂ ಸಿಗುವುದಿಲ್ಲ. ನಾನು ಹೀಗೆ ಬರೆಯುತ್ತೇನೆ: ‘ಸಂಜೆ 6:30. ಪಾಪೆ ಬಲ 3 ಮಿ.ಮೀ., ಎಡ 5, ಎಡದ್ದು ಬೆಳಕಿಗೆ ನಿಧಾನ. ಎಡ ರೆಪ್ಪೆ ಪಾಪೆಯ ಅಂಚಿಗೆ ಬಂದಿದೆ. ಎಡಗಣ್ಣು ಒಳಕ್ಕೆ, ಮೇಲಕ್ಕೆ ಕಡಿಮೆ, ಹೊರಕ್ಕೆ ಪೂರ್ತಿ. ಹಣೆ, ಬಾಯಿ ಸಮ. ನೀರು ನುಂಗಿದರು, ಕೆಮ್ಮಿಲ್ಲ.’