ಕಾದಂಬರಿಯ ವಿಕಿಪೀಡಿಯ ಪುಟ ತಿದ್ದುವುದು ಹೇಗೆ?

ಇಷ್ಟಪಟ್ಟು ಓದಿದ ಕಾದಂಬರಿಯ ಬಗ್ಗೆ ವಿಕಿಪೀಡಿಯದಲ್ಲಿ ಏನಿದೆ ಅಂತ ನೋಡಲು ಹೋಗುತ್ತೀರಿ. ಅಲ್ಲಿ ಐದಾರು ಸಾಲು ಇರುತ್ತದೆ. ಅದರಲ್ಲಿ ಮೂರು ಸಾಲು ಸಿನಿಮಾದ ಬಗ್ಗೆ, ಉಳಿದದ್ದು ಹೊಗಳಿಕೆ. ಬೇಜಾರಾಗಿ, ನಾನೇ ಸರಿ ಮಾಡ್ತೀನಿ ಅಂತ ಕೂರುತ್ತೀರಿ. ಹಾಗೆ ಕೂರುವವರು ಇನ್ನೂ ಜಾಸ್ತಿ ಆಗಬೇಕು. ಆದರೆ ಪ್ರೀತಿಯಿಂದ ಎರಡು ಪುಟ ಬರೆದು, ಮರುದಿನ ಯಾರೋ ಅದನ್ನು ಅಳಿಸಿದ್ದು ನೋಡಿ, ಮತ್ತೆ ಆ ಕಡೆ ತಲೆ ಹಾಕದವರನ್ನು ನಾನು ಬಹಳ ಕಂಡಿದ್ದೇನೆ. ತಪ್ಪು ಪ್ರತಿಸಲ ಒಂದೇ ಜಾಗದಲ್ಲಿ ಆಗುತ್ತದೆ. ಆ ಜಾಗವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಉದಾಹರಣೆಗೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ ಇಟ್ಟುಕೊಳ್ಳೋಣ. ದುಡಿ ಅಂದರೆ ಸಣ್ಣ ಚರ್ಮವಾದ್ಯ. ಓದಿದವರು ತುಂಬಾ ಜನ, ಸಣ್ಣ ಪುಸ್ತಕ, ಸಿನಿಮಾ ಕೂಡ ಆಗಿದೆ.

ಕೂರುವ ಮೊದಲು

ಖಾತೆ ತೆರೆಯಿರಿ, ಎರಡು ನಿಮಿಷದ ಕೆಲಸ. ಪುಟದ ಮೇಲಿರುವ ‘ಇತಿಹಾಸ’ ಮತ್ತು ‘ಚರ್ಚೆ’ ಎರಡನ್ನೂ ಒಮ್ಮೆ ನೋಡಿ. ನೀವು ಸೇರಿಸಬೇಕು ಅಂದುಕೊಂಡದ್ದನ್ನು ಯಾರೋ ಈಗಾಗಲೇ ಸೇರಿಸಿ, ಇನ್ಯಾರೋ ತೆಗೆದಿರಬಹುದು. ಯಾಕೆ ತೆಗೆದರು ಅನ್ನುವುದು ಅಲ್ಲೇ ಇರುತ್ತದೆ.

ಆಮೇಲೆ ಪುಸ್ತಕ ಮೇಜಿನ ಮೇಲೆ ಇರಲಿ. ‘ಓದಿ ಹದಿನೈದು ವರ್ಷ ಆಯ್ತು, ಆದ್ರೆ ಚೆನ್ನಾಗಿ ನೆನಪಿದೆ’ ಅನ್ನುವವರ ಕೈಯಲ್ಲೇ ಅತಿ ಹೆಚ್ಚು ತಪ್ಪು ಆಗುತ್ತದೆ. ನೆನಪಿನಲ್ಲಿ ಕಾದಂಬರಿಗೆ ಸಿನಿಮಾ ಸೇರಿಕೊಂಡಿರುತ್ತದೆ, ಮೇಷ್ಟ್ರು ತರಗತಿಯಲ್ಲಿ ಹೇಳಿದ್ದೂ ಸೇರಿಕೊಂಡಿರುತ್ತದೆ. ಪರೀಕ್ಷೆಯ ಗೈಡುಗಳನ್ನಂತೂ ಮುಟ್ಟಲೇಬೇಡಿ. ಪಾತ್ರದ ಹೆಸರೇ ತಪ್ಪಾಗಿ ಅಚ್ಚಾದ ಗೈಡು ನನ್ನ ಕೈಗೇ ಸಿಕ್ಕಿದೆ.

ಬಲಗಡೆಯ ಚೌಕ

ಪುಟದ ಬಲಗಡೆ ಮಾಹಿತಿಯ ಚೌಕ ಇರುತ್ತದೆ: ಲೇಖಕರು, ಪ್ರಕಾಶಕರು, ವರ್ಷ. ಇಲ್ಲಿ ಎಡವುವುದು ವರ್ಷದಲ್ಲಿ. ಕೈಯಲ್ಲಿರುವ ಪುಸ್ತಕ ಹತ್ತನೆಯದೋ ಹದಿನೈದನೆಯದೋ ಮುದ್ರಣ ಆಗಿರುತ್ತದೆ. ಅದರ ವರ್ಷ ಬರೆದುಬಿಡುತ್ತಾರೆ. ಮುಖಪುಟ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಮುದ್ರಣಗಳ ವಿವರ ಇರುತ್ತದೆ, ಮೊದಲ ಮುದ್ರಣದ ವರ್ಷ ಅಲ್ಲಿಂದ ತೆಗೆದುಕೊಳ್ಳಿ. ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಸಿನಿಮಾ ಬಂದದ್ದು 1975ರಲ್ಲಿ. ನಡುವೆ 42 ವರ್ಷ. ಸಿನಿಮಾ ಮಾಡಿದವರು ಬಿ.ವಿ. ಕಾರಂತರು. ಇಬ್ಬರು ಕಾರಂತರನ್ನು ಒಬ್ಬರೇ ಅಂದುಕೊಂಡು ಬರೆದವರನ್ನು ನೋಡಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ. ಇನ್ನೊಂದು, ಜ್ಞಾನಪೀಠ. ಶಿವರಾಮ ಕಾರಂತರಿಗೆ 1977ರ ಜ್ಞಾನಪೀಠ ಬಂದದ್ದು ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ. ಅವರ ಬೇರೆ ಕಾದಂಬರಿಯ ಪುಟದಲ್ಲಿ ‘ಜ್ಞಾನಪೀಠ ಪಡೆದ ಕೃತಿ’ ಅಂತ ಕಂಡರೆ ತೆಗೆದುಹಾಕಿ.

ಕಥೆ ಹೇಳುವುದು

ಕಥಾಸಾರವನ್ನು ನಾಲ್ಕೈದು ಪ್ಯಾರಾದಲ್ಲಿ ಮುಗಿಸಿ. ವರ್ತಮಾನದಲ್ಲಿ ಬರೆಯಿರಿ: ‘ಚೋಮ ಹೋಗುತ್ತಾನೆ’, ‘ಬೆಳ್ಳಿ ಹೇಳುತ್ತಾಳೆ’ (ಬೆಳ್ಳಿ ಚೋಮನ ಮಗಳು). ಕೊನೆ ಏನಾಗುತ್ತದೆ ಅನ್ನುವುದನ್ನೂ ಬರೆಯಬೇಕು. ‘ಮುಂದೇನಾಯಿತು ಎಂಬುದನ್ನು ಓದಿಯೇ ತಿಳಿಯಬೇಕು’ ಅಂತ ನಿಲ್ಲಿಸುವುದು ಪುಸ್ತಕದ ಬೆನ್ನಿಗೆ ಸರಿ, ವಿಶ್ವಕೋಶಕ್ಕೆ ಸರಿಯಲ್ಲ.

ಪುಸ್ತಕದ ಸಾಲುಗಳನ್ನು ಹಾಗೇ ಎತ್ತಿ ಹಾಕಬೇಡಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕಾರಂತರು ತೀರಿಕೊಂಡದ್ದು 1997ರಲ್ಲಿ. ಅಂದರೆ ಅವರ ಪುಸ್ತಕಗಳಿಗೆ 2057ರ ಕೊನೆಯವರೆಗೂ ಹಕ್ಕು ಉಂಟು. ಮುಖಪುಟದ ಚಿತ್ರಕ್ಕೂ ಹಕ್ಕು ಇರುತ್ತದೆ. ಮೊಬೈಲಿನಲ್ಲಿ ಫೋಟೊ ಹೊಡೆದು ‘ನನ್ನ ಸ್ವಂತ ಕೆಲಸ’ ಅಂತ ವಿಕಿಪೀಡಿಯದ ಚಿತ್ರಗಳ ಭಂಡಾರವಾದ ಕಾಮನ್ಸ್‌ಗೆ ಏರಿಸಿದರೆ ಅದನ್ನು ತೆಗೆಯುತ್ತಾರೆ.

ಎಲ್ಲರೂ ಎಡವುವ ಜಾಗ

ಕಥಾಸಾರದ ಒಳಗೇ ಅಭಿಪ್ರಾಯ ನುಸುಳುವುದು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಕನ್ನಡ ಎಂ.ಎ. ಓದುತ್ತಿದ್ದ ಹುಡುಗಿಯೊಬ್ಬಳು ತಾನು ಬರೆದದ್ದನ್ನು ನನಗೆ ತೋರಿಸಿದಳು. ಅದರಲ್ಲಿ ಈ ಸಾಲು ಇತ್ತು: ‘ಈ ಮಹಾನ್ ಕಾದಂಬರಿಯಲ್ಲಿ ಕಾರಂತರು ದುಡಿಯ ಮೂಲಕ ಶೋಷಿತರ ಆಕ್ರೋಶವನ್ನು ಮನ ಕಲಕುವಂತೆ ಚಿತ್ರಿಸಿದ್ದಾರೆ.’

ಕೇಳಲು ಚೆನ್ನಾಗಿದೆ, ಅಲ್ವಾ? ಇಬ್ಬರೂ ಕೂತು ಪದ ಪದವಾಗಿ ನೋಡಿದೆವು. ‘ಮಹಾನ್’ ಅಂದದ್ದು ಯಾರು? ಅವಳು. ಮನ ಕಲಕಿದ್ದು ಯಾರದ್ದು? ಅವಳದ್ದೇ. ದುಡಿಯ ಸದ್ದು ಆಕ್ರೋಶ ಅಂತ ಪುಸ್ತಕದಲ್ಲಿ ಬರೆದಿದೆಯಾ? ಅದು ಓದಿದವರು ಮಾಡಿಕೊಂಡ ಅರ್ಥ. ಒಬ್ಬರಿಗೆ ಆಕ್ರೋಶ ಅನ್ನಿಸಿದ್ದು ಇನ್ನೊಬ್ಬರಿಗೆ ಸಂಕಟ ಅನ್ನಿಸಬಹುದು. ಇಷ್ಟೂ ತೆಗೆದ ಮೇಲೆ ಪುಸ್ತಕದ್ದು ಅಂತ ಉಳಿದದ್ದು ಒಂದೇ: ಚೋಮ ದುಡಿ ಬಾರಿಸುತ್ತಾನೆ.

ಕಥಾಸಾರಕ್ಕೆ ಹೋಗಬೇಕಾದದ್ದು ಅಷ್ಟೇ. ಚೋಮ ಯಾವಾಗ ಬಾರಿಸುತ್ತಾನೆ, ಅದಕ್ಕೆ ಮುಂಚೆ ಏನಾಗಿರುತ್ತದೆ ಅನ್ನುವುದನ್ನು ಸೇರಿಸಿ. ಅವನಿಗೆ ಬೇಸಾಯ ಮಾಡುವ ಆಸೆ, ಜಾತಿಯ ಕಾರಣಕ್ಕೆ ಗೇಣಿಗೆ ಭೂಮಿ ಸಿಗುವುದಿಲ್ಲ, ಕಾಫಿ ತೋಟದ ಸಾಲ ಮಕ್ಕಳ ತಲೆ ಮೇಲೆ ಬರುತ್ತದೆ. ಇದನ್ನು ಸುಮ್ನೆ ಹೇಳಿದರೂ ಓದುವವರಿಗೆ ತಟ್ಟುತ್ತದೆ. ಇಲ್ಲಿ ವಿಶೇಷಣ ಬೇಕಾಗಿಲ್ಲ. ಕಥಾಸಾರಕ್ಕೆ ಕಾದಂಬರಿಯೇ ಆಧಾರ, ಬೇರೆ ಉಲ್ಲೇಖ ಕೇಳುವುದಿಲ್ಲ. ಆದರೆ ಅರ್ಥ ಹೇಳಲು ಹೊರಟ ತಕ್ಷಣ ಉಲ್ಲೇಖ ಬೇಕು.

ಹಾಗಾದರೆ ದುಡಿ ಏನನ್ನು ಸೂಚಿಸುತ್ತದೆ ಅನ್ನುವ ಮಾತನ್ನು ಹೇಳುವುದೇ ಬೇಡವಾ? ಬೇಕು, ಖಂಡಿತ ಬೇಕು. ‘ವಿಮರ್ಶೆ’ ಅಂತ ಬೇರೆ ವಿಭಾಗ ಮಾಡಿ. ಯಾವ ವಿಮರ್ಶಕರು, ಯಾವ ಪುಸ್ತಕದಲ್ಲಿ, ಎಷ್ಟನೇ ಪುಟದಲ್ಲಿ ಹಾಗೆ ಹೇಳಿದ್ದಾರೆ ಅಂತ ಹೆಸರು ಹಿಡಿದು ಬರೆಯಿರಿ. ‘ಹಲವು ವಿಮರ್ಶಕರ ಪ್ರಕಾರ’ ಅಂತ ಬರೆಯಬೇಡಿ. ಆ ಹಲವರು ಯಾರು ಅಂತ ಕೇಳಿದರೆ ಹೇಳಲು ಒಂದು ಹೆಸರಾದರೂ ಬೇಕು. ಒಬ್ಬರು ಹೊಗಳಿದ್ದರೆ ಇನ್ನೊಬ್ಬರು ಒಪ್ಪದೆ ಬರೆದದ್ದನ್ನೂ ಹುಡುಕಿ ಪಕ್ಕದಲ್ಲಿಡಿ. ಕಾದಂಬರಿ ಮೇಲೆ ನಿಮಗಿರುವ ಗೌರವ ಅದರಿಂದ ಕಡಿಮೆ ಆಗುವುದಿಲ್ಲ. ಒಂದು ಪುಸ್ತಕಕ್ಕಾಗಿ ಜನ ಜಗಳ ಆಡಿದ್ದಾರೆ ಅಂದರೆ ಅದು ಬದುಕಿದೆ ಅಂತಲೇ ಅರ್ಥ.

ಆ ಹುಡುಗಿ ಪಟ್ಟು ಬಿಡಲಿಲ್ಲ. ಮೂರು ವಾರ ಕಳೆದ ಮೇಲೆ ಲೈಬ್ರರಿಯಿಂದ ಎರಡು ವಿಮರ್ಶಾ ಸಂಕಲನ ತಂದಳು. ಅವಳು ಹೇಳಬೇಕು ಅಂದುಕೊಂಡದ್ದನ್ನೇ ಬಹಳ ಹಿಂದೆ ಒಬ್ಬರು ಬರೆದಿದ್ದರು. ಅವರ ಹೆಸರು, ಪುಟಸಂಖ್ಯೆ ಹಾಕಿ ಸೇರಿಸಿದಳು. ಆ ಸಾಲನ್ನು ಇವತ್ತಿನವರೆಗೂ ಯಾರೂ ಮುಟ್ಟಿಲ್ಲ.

ಆಧಾರ ಎಲ್ಲಿ ಸಿಗುತ್ತದೆ?

ಜಿಲ್ಲಾ ಗ್ರಂಥಾಲಯದ ವಿಮರ್ಶೆ ಕಪಾಟಿನಿಂದ ಶುರು ಮಾಡಿ. ವಿಶ್ವವಿದ್ಯಾಲಯಗಳ ಪ್ರಸಾರಾಂಗದ ಪುಸ್ತಕಗಳು, ಲೇಖಕರ ಅಭಿನಂದನ ಗ್ರಂಥಗಳು, ‘ಪ್ರಬುದ್ಧ ಕರ್ಣಾಟಕ’, ‘ಸಾಕ್ಷಿ’ ಥರದ ಪತ್ರಿಕೆಗಳ ಹಳೆಯ ಸಂಚಿಕೆಗಳು ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ರಾಶಿ ಇವೆ, ಮನೆಯಲ್ಲೇ ಕೂತು ಪುಟ ತಿರುಗಿಸಬಹುದು. ಪುಸ್ತಕ ಮಾರುವ ಜಾಲತಾಣದಲ್ಲಿರುವ ನಾಲ್ಕು ಸಾಲು ಪರಿಚಯ ಆಧಾರ ಅಲ್ಲ. ಅದು ಜಾಹೀರಾತು.

ಈಗ ಹೊಸದೊಂದು ಒಳದಾರಿ ಬಂದಿದೆ. ಚಾಟ್‌ಬಾಟ್‌ಗೆ ಕೇಳಿ ಉಲ್ಲೇಖದ ಸಮೇತ ಬರೆಸಿಕೊಂಡು ಅಂಟಿಸುವುದು. ದಯವಿಟ್ಟು ಬೇಡ. ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆಯನ್ನು ಅದು ಇರುವ ಹಾಗೇ ಬರೆದುಕೊಡುತ್ತದೆ. ನೀವು ಕಣ್ಣಾರೆ ನೋಡಿದ ಪುಟವನ್ನು ಮಾತ್ರ ಉಲ್ಲೇಖದಲ್ಲಿ ಹಾಕಿ. ಇಂಗ್ಲಿಷ್ ಪುಟವನ್ನು ಯಂತ್ರದಿಂದ ಅನುವಾದ ಮಾಡಿಸಿ ಹಾಕುವುದೂ ಬೇಡ. ಕನ್ನಡದ ಕಾದಂಬರಿಯ ಬಗ್ಗೆ ಅನುವಾದದ ವಾಸನೆ ಹೊಡೆಯುವ ಕನ್ನಡದಲ್ಲಿ ಓದುವುದು ಬಹಳ ನೋವಿನ ಸಂಗತಿ.

ಸಿನಿಮಾ ಮತ್ತು ಹಿನ್ನೆಲೆ

ಸಿನಿಮಾಕ್ಕೆ ಎರಡು ಸಾಲು ಸಾಕು. ‘ಚೋಮನ ದುಡಿ’ ಚಿತ್ರಕ್ಕೆ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿ ಬಂತು, ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಬಂತು. ಉಳಿದದ್ದೆಲ್ಲ ಸಿನಿಮಾದ ಪುಟಕ್ಕೆ ಸೇರಿದ್ದು.

ಆದರೆ ಕಾದಂಬರಿಯ ಹಿನ್ನೆಲೆಗೆ ಜಾಗ ಕೊಡಿ. 1933ರಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಗಿನ ಗೇಣಿ, ಜೀತ, ಘಟ್ಟದ ಮೇಲಿನ ಕಾಫಿ ತೋಟಗಳು ಇವೆಲ್ಲ ಗೊತ್ತಿಲ್ಲದೆ ಈಗಿನ ಓದುಗರಿಗೆ ಚೋಮನ ಸಾಲ ಅರ್ಥ ಆಗುವುದಿಲ್ಲ. ಇದಕ್ಕೂ ಇತಿಹಾಸದ ಪುಸ್ತಕದ ಉಲ್ಲೇಖ ಕೊಡಬೇಕು.

ಟೈಪಿಂಗ್, ಉಳಿಸುವುದು

ಕನ್ನಡ ಕೀಲಿಮಣೆ ಇಲ್ಲ ಅನ್ನುವ ಚಿಂತೆ ಬೇಡ. ಕಂಪ್ಯೂಟರಿನಲ್ಲಿ ಬರೆಯುವ ಚೌಕದೊಳಗೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಎಂ ಒತ್ತಿದರೆ ವಿಕಿಪೀಡಿಯದ್ದೇ ಕನ್ನಡ ಟೈಪಿಂಗ್ ಬರುತ್ತದೆ. ಹಳೆಯ ನುಡಿ, ಬರಹ ಫಾಂಟಿನ ಕಡತದಿಂದ ನೇರ ಅಂಟಿಸಬೇಡಿ, ಯೂನಿಕೋಡ್‌ಗೆ ಬದಲಾಯಿಸದಿದ್ದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಮೊದಲು ನಿಮ್ಮ ಖಾತೆಯ ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆಯುವ ಪುಟದಲ್ಲಿ, ಬರೆದು ನೋಡಿ. ಆಮೇಲೆ ಒಂದೊಂದೇ ವಿಭಾಗ ಹಾಕಿ, ಪ್ರತಿಸಲ ಏನು ಬದಲಾಯಿಸಿದಿರಿ ಅಂತ ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯಿರಿ. ಇಡೀ ಪುಟವನ್ನು ಒಂದೇ ಸಲಕ್ಕೆ ಬದಲಾಯಿಸಿದರೆ, ಒಂದು ತಪ್ಪಿಗಾಗಿ ಎಲ್ಲವೂ ಹಿಂದಕ್ಕೆ ಹೋಗಬಹುದು.

ಹಾಗೆ ಯಾರಾದರೂ ಹಿಂದಕ್ಕೆ ಹಾಕಿದರೆ ನೀವು ಮತ್ತೆ ಮುಂದಕ್ಕೆ ಹಾಕುತ್ತಾ ಕೂರಬೇಡಿ. ಚರ್ಚೆ ಪುಟಕ್ಕೆ ಹೋಗಿ, ‘ಈ ಸಾಲಿಗೆ ಈ ಪುಸ್ತಕದ ಈ ಪುಟ ಆಧಾರ, ತೊಂದರೆ ಎಲ್ಲಿದೆ ಹೇಳ್ತೀರಾ?’ ಅಂತ ಕೇಳಿ, ಕೊನೆಗೆ ನಾಲ್ಕು ಟಿಲ್ಡೆ (~~~~) ಹಾಕಿ. ನಿಮ್ಮ ಹೆಸರು, ದಿನಾಂಕ ತಾನಾಗಿ ಬರುತ್ತದೆ. ಅಲ್ಲಿ ಉತ್ತರ ಬರದಿದ್ದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ ‘ಅರಳಿ ಕಟ್ಟೆ’ಯಲ್ಲಿ ಕೇಳಿ. ಅನುಭವ ಇರುವ ಸಂಪಾದಕರು ಅಲ್ಲಿಗೆ ಬಂದು ಹೋಗುತ್ತಿರುತ್ತಾರೆ. ಅಲ್ಲಿಗೆ ಹೋಗುವಾಗಲೂ ಪುಸ್ತಕ ಪಕ್ಕದಲ್ಲೇ ಇರಲಿ, ಎಷ್ಟನೇ ಪುಟ ಅಂತ ಕೇಳುತ್ತಾರೆ.